ಇನ್ನೊಂದು ಕಡೆಯವರಿಗೆ ಎರಡು ಪುಟ ಯಾಕಿಲ್ಲ?

ಮಾನ್ಯರೇ,

ಕಳೆದ ಸಂಚಿಕೆಯ ದಡಾರ-ರುಬೆಲ್ಲಾ ಲಸಿಕೆ ಲೇಖನ ನಿಮಗೆ ಸಿಟ್ಟು ತರಿಸಿದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎನ್ನುವವರಿಗೂ ಎರಡು ಪುಟ ಕೊಡಬೇಕಿತ್ತು, ವಿಜ್ಞಾನಿಗಳೇನು ಓಟು ಹಾಕಿ ಸತ್ಯ ತೀರ್ಮಾನ ಮಾಡುತ್ತಾರೆಯೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಒಂದೂವರೆ ವರ್ಷದ ಮೊಮ್ಮಗಳಿಗೆ ಎರಡನೇ ಡೋಸ್ ಹಾಕಿಸಲು ಸೊಸೆ ಹೆದರುತ್ತಿದ್ದಾರೆ ಎಂದೂ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನಿಸಿದ್ದು ಆ ಸಾಲೇ.

ಓಟಿನ ಮಾತು ಒಪ್ಪಿದೆ. ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಹೇಳಿದಾಗ ನಂಬಿದವರು ಕಡಿಮೆ. 1984ರಲ್ಲಿ ಅವರು ಆ ಬ್ಯಾಕ್ಟೀರಿಯಾವನ್ನೇ ಕುಡಿದು ಹೊಟ್ಟೆ ಕೆಡಿಸಿಕೊಂಡರು! ಬೇರೆಯವರು ಪರೀಕ್ಷಿಸಿದಾಗಲೂ ಮಾತು ನಿಂತಿತು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು.

ಆಟಿಸಂ ಮಾತಿಗೂ ಅದೇ ಅವಕಾಶ ಸಿಕ್ಕಿತ್ತು. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಬರೆದದ್ದು 'ಲ್ಯಾನ್ಸೆಟ್'ನಂಥ ದೊಡ್ಡ ಪತ್ರಿಕೆಯಲ್ಲೇ ಬಂತು. ಅದರಲ್ಲಿದ್ದದ್ದು 12 ಮಕ್ಕಳ ವಿವರ. ಆಮೇಲೆ ಡೆನ್ಮಾರ್ಕ್‌ನವರು 2002ರಲ್ಲಿ 5 ಲಕ್ಷಕ್ಕೂ ಜಾಸ್ತಿ ಮಕ್ಕಳ ದಾಖಲೆ ನೋಡಿದರು, 2019ರಲ್ಲಿ ಮತ್ತೆ ಆರೂವರೆ ಲಕ್ಷ. ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಅಷ್ಟರಲ್ಲಿ, ಲಸಿಕೆ ಕಂಪನಿಗಳ ಮೇಲೆ ದಾವೆಗೆ ತಯಾರಾಗುತ್ತಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದದ್ದನ್ನು ಪತ್ರಕರ್ತ ಬ್ರಯಾನ್ ಡಿಯರ್ ಹೊರಗೆಳೆದಿದ್ದರು. ವೇಕ್‌ಫೀಲ್ಡ್ ತಮ್ಮ ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಐದೈದು ಪೌಂಡ್ ಕೊಟ್ಟು ರಕ್ತ ತೆಗೆಸಿದ್ದೂ ವಿಚಾರಣೆಯಲ್ಲಿ ಸಾಬೀತಾಯಿತು. 2010ರಲ್ಲಿ 'ಲ್ಯಾನ್ಸೆಟ್' ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು, ಬ್ರಿಟನ್ನಿನಲ್ಲಿ ವೈದ್ಯಕೀಯ ಮಾಡುವ ಅವರ ಪರವಾನಗಿಯೂ ಹೋಯಿತು. ಅದೇ ಮಾತು 2017ರ ಫೆಬ್ರುವರಿಯಲ್ಲಿ, ಬೆಂಗಳೂರಿನಿಂದ ಲಸಿಕೆ ಅಭಿಯಾನ ಶುರುವಾದಾಗ, ನಮ್ಮ ವಾಟ್ಸಾಪ್‌ಗಳಲ್ಲಿ ಓಡಾಡಿತು.

ವಿಜ್ಞಾನಿಗಳು ತಮ್ಮ ಲಸಿಕೆಯ ತಪ್ಪು ಮುಚ್ಚಿಡುತ್ತಾರೆ ಅಂತೀರಿ. ಹಾಗಾದರೆ ರೋಟಾಶೀಲ್ಡ್ ಕಥೆ ಕೇಳಿ. ಮಕ್ಕಳ ಭೇದಿ ತಡೆಯುವ ಈ ಲಸಿಕೆ ಅಮೆರಿಕದಲ್ಲಿ ಬಂದದ್ದೂ 1998ರಲ್ಲೇ. ಸುಮಾರು 10,000 ಕೂಸುಗಳಲ್ಲಿ ಒಂದಕ್ಕೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವ ತೊಂದರೆ ಕಂಡಿತು. ಮರುವರ್ಷವೇ ಲಸಿಕೆಯನ್ನು ವಾಪಸ್ ತೆಗೆದುಕೊಂಡರು. ಹತ್ತು ಸಾವಿರಕ್ಕೆ ಒಂದನ್ನು ಹಿಡಿದವರ ಕಣ್ಣಿಗೆ, ಲಕ್ಷಗಟ್ಟಲೆ ಮಕ್ಕಳಲ್ಲಿ ಹುಡುಕಿದ ಆಟಿಸಂ ಬೀಳದೇ ಇರುತ್ತಿತ್ತಾ?

ಹಾಗಾಗಿ ಎರಡು ಪುಟ ಕೊಡಲಾರೆ. ಆದರೆ ನಮ್ಮ ಲೇಖನದಲ್ಲೊಂದು ತಪ್ಪಿದೆ, ಅದನ್ನು ನೀವು ಹಿಡಿಯಲಿಲ್ಲ! 'ಯಾವ ಅಡ್ಡಪರಿಣಾಮವೂ ಇಲ್ಲ' ಎಂದು ಬರೆದುಬಿಟ್ಟಿದ್ದೆವು. ಅದು ಸುಳ್ಳು. ಚುಚ್ಚುಮದ್ದಾಗಿ ಒಂದು ವಾರ, ಹತ್ತು ದಿನಕ್ಕೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಮೈಮೇಲೆ ಸಣ್ಣ ಗುಳ್ಳೆ ಏಳುತ್ತವೆ. ಅಪರೂಪಕ್ಕೆ ಜ್ವರದ ಜೊತೆ ಫಿಟ್ಸ್ ಕೂಡ ಬರಬಹುದು. ನಿಮ್ಮ ಸೊಸೆಯವರು ಹೆದರಿದ್ದು ಬಹುಶಃ ಇಂಥದ್ದನ್ನು ಎಲ್ಲೋ ಕೇಳಿಯೇ ಇರಬೇಕು. ಅವರಿಗೆ ಬೈಯಬೇಡಿ. ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ, ಇನ್ನೂ ಸಮಯವಿದೆ. ತಾಯಿ ಕಾರ್ಡ್ ಹಿಡಿದು ಮಕ್ಕಳ ವೈದ್ಯರ ಹತ್ತಿರ ಅವರೇ ಹೋಗಿ ಕೇಳಲಿ. ನಿಮ್ಮ ಪ್ರಶ್ನೆಗಳನ್ನೂ ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ.

- ಸಂ.