ಹಪ್ಪಳದ ಕಟ್ಟಕ್ಕೂ ಟ್ರಂಪಿಗೂ ಎಂತ ಸಂಬಂಧ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಮೊದ್ಲೆಲ್ಲ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಗಲ್ಫಿನ ವಿಷಯವೇ ಜಾಸ್ತಿ ಇರ್ತಿತ್ತು, ವೀಸಾ, ಇಕಾಮ (ಅಲ್ಲಿ ವಾಸದ ಪರವಾನಗಿ), ದಿರ್ಹಮ್ ರೇಟು ಅಂತ. 2025 ಮುಗೀತಾ ಬಂದ ಹೊತ್ತಿಗೆ ನೋಡಿದ್ರೆ ಅಮೆರಿಕದ್ದೇ ಪ್ರಶ್ನೆಗಳು. ಈ ಸಲ ಬರೇ ಅವುಗಳನ್ನೇ ತಗೊಂಡಿದ್ದೇನೆ.

ಪ್ರಶ್ನೆ: ಮಗಳು ನ್ಯೂಜೆರ್ಸಿಯಲ್ಲಿ ಇದ್ದಾಳೆ. ಪ್ರತಿ ವರ್ಷ ಹಲಸಿನ ಹಪ್ಪಳ, ಮಾಂಬಳ, ಮಿಡಿ ಉಪ್ಪಿನಕಾಯಿ ಪೋಸ್ಟಲ್ಲಿ ಕಳಿಸ್ತೇವೆ. ಈ ಸಲ ಆಗಸ್ಟ್ ಕೊನೆಗೆ ಹೋದ್ರೆ ಪಾರ್ಸೆಲ್ ತಗೊಳ್ಲೇ ಇಲ್ಲ. ಈಗ ತಗೊಳ್ತಾರಂತೆ, ಆದ್ರೆ ಅರ್ಧಕ್ಕರ್ಧ ಸುಂಕ ಅಂತ. ನಮ್ಮ ಮನೆಯ ಹಪ್ಪಳಕ್ಕೆ ನಾವ್ಯಾಕೆ ಅಮೆರಿಕಕ್ಕೆ ದುಡ್ಡು ಕೊಡ್ಬೇಕು? – ಪೆರ್ಲದ ಒಬ್ಬ ತಾಯಿ

ಅಮ್ಮಾ, ನಿಮ್ಮ ಪತ್ರ ಓದುವಾಗ ನನಗೆ ನಮ್ಮ ಮನೆಯದ್ದೇ ಕಥೆ ಅನ್ನಿಸಿತು, ನನ್ನ ಅಕ್ಕನಿಗೂ ಅಮ್ಮ ಹೀಗೇ ಡಬ್ಬ ಕಟ್ಟಿ ಟೇಪ್ ಸುತ್ತಿ ಕಳಿಸ್ತಾ ಇದ್ದದ್ದು. ನಡೆದದ್ದು ಇಷ್ಟು. 800 ಡಾಲರಿನ ಒಳಗಿನ ಪಾರ್ಸೆಲ್ ಅಮೆರಿಕಕ್ಕೆ ಹೋದ್ರೆ ಅದಕ್ಕೆ ಸುಂಕ ಇರ್ಲಿಲ್ಲ, 2016ರಿಂದ ಆ ಮಿತಿ ಇತ್ತು. ಚೀನಾದಿಂದ ಅಗ್ಗದ ಬಟ್ಟೆಬರೆ, ಆಟದ ಸಾಮಾನು ಈ ದಾರಿಯಲ್ಲೇ ರಾಶಿ ರಾಶಿ ಒಳಗೆ ಬರ್ತದೆ ಅಂತ ಅಲ್ಲಿಯವರಿಗೆ ಬಹಳ ಕಾಲದಿಂದ ಸಿಟ್ಟು ಇತ್ತು. ಚೀನಾದ ಪಾರ್ಸೆಲಿಗೆ 2025ರ ಮೇ 2ಕ್ಕೆ ಆ ವಿನಾಯ್ತಿ ತೆಗೆದ್ರು, ಉಳಿದ ಎಲ್ಲ ದೇಶಕ್ಕೂ ಆಗಸ್ಟ್ 29ಕ್ಕೆ ತೆಗೆದ್ರು. ತೆಗೆಯೋದು ಅವರ ಹಕ್ಕು, ಒಪ್ಪುವ. ಆದ್ರೆ ಸುಂಕವನ್ನು ಯಾರು ವಸೂಲಿ ಮಾಡ್ಬೇಕು, ಯಾರ ಕೈಯಲ್ಲಿ ಕಟ್ಟಬೇಕು ಅನ್ನೋದನ್ನು ಸರಿಯಾಗಿ ಹೇಳದೆ ದಿನಾಂಕ ಮಾತ್ರ ಇಟ್ಟುಬಿಟ್ರು, ಹಾಗಾಗಿ ವಿಮಾನದವರು ಪಾರ್ಸೆಲ್ ಹೊರಲಿಕ್ಕೆ ಒಪ್ಪಲಿಲ್ಲ, ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಬುಕಿಂಗ್ ನಿಲ್ಲಿಸಿತು, ನೀವು ಹೋದದ್ದು ಅದೇ ಹೊತ್ತಿಗೆ ಇರ್ಬೇಕು. ಅಕ್ಟೋಬರ್ 15ರಿಂದ ಪುನಃ ಶುರು ಆಗಿದೆ. 2025ರ ಕೊನೆಗೆ, ನೀವು ಬರೆಸಿದ ಬೆಲೆಯ ಮೇಲೆ ಶೇಕಡಾ 50 ಸುಂಕವನ್ನು ಇಲ್ಲೇ ಕೌಂಟರಿನಲ್ಲಿ ಕಟ್ಟಿಸಿಕೊಳ್ತಿದ್ರು, ಮಗಳಿಗೆ ಅಲ್ಲಿ ಪುನಃ ಕಟ್ಟುವ ರಗಳೆ ಇರ್ಲಿಲ್ಲ.

ಈ 50 ಎಲ್ಲಿಂದ ಬಂತು ಅಂದ್ರೆ, ಆಗಸ್ಟ್ 7ಕ್ಕೆ ಭಾರತದ ಸಾಮಾನಿಗೆ 25 ಹಾಕಿದ್ರು, ನಾವು ರಷ್ಯಾದ ತೈಲ ತಗೊಳ್ತೇವೆ ಅಂತ ಆಗಸ್ಟ್ 27ರಿಂದ ಇನ್ನೊಂದು 25 ಸೇರಿಸಿದ್ರು. ತೈಲ ತಗೊಳ್ಳುವವರು ಎಲ್ಲಿಯೋ, ಹಪ್ಪಳ ಒತ್ತುವ ನೀವು ಎಲ್ಲಿಯೋ.

ಈಗ ನೀವು ಮಾಡ್ಬೇಕಾದದ್ದು. ಬೆಲೆ ಸರಿಯಾಗಿ ಬರೆಸಿ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಒಬ್ಬರಿಂದ ಒಬ್ಬರಿಗೆ ಹೋಗುವ 100 ಡಾಲರ್ ಒಳಗಿನ ಉಡುಗೊರೆಗೆ ಸುಂಕ ಇಲ್ಲ ಅಂತ ಅಂಚೆ ಇಲಾಖೆಯೇ ಆಗಸ್ಟಿನ ಪ್ರಕಟಣೆಯಲ್ಲಿ ಹೇಳಿತ್ತು, ಹಾಗಾಗಿ ಗಿಫ್ಟ್ ಅಂತ ಬರೆಸ್ಲಿಕ್ಕೆ ಕೌಂಟರಿನಲ್ಲಿ ಕೇಳಿ, ಕೇಳದಿದ್ರೆ ಅವರಾಗಿ ಹೇಳ್ಲಿಕ್ಕಿಲ್ಲ. ಇನ್ನೊಂದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಉಂಟು. ಅಮೆರಿಕಕ್ಕೆ ತಿನ್ನುವ ಸಾಮಾನು ಕಳಿಸುವಾಗ ಅಲ್ಲಿಯ ಆಹಾರ ಇಲಾಖೆಗೆ ಮುಂಚೆಯೇ ತಿಳಿಸ್ಬೇಕು ಅಂತ ಕಾನೂನು ಉಂಟಲ್ವಾ, ಅದರಲ್ಲಿ ಒಂದು ವಿನಾಯ್ತಿ ಇದೆ: ಮನೆಯಲ್ಲಿ ತಾನೇ ಮಾಡಿದ ತಿಂಡಿಯನ್ನು ಮಾಡಿದವರೇ ಉಡುಗೊರೆಯಾಗಿ ಕಳಿಸಿದ್ರೆ ಅದು ಬೇಕಾಗಿಲ್ಲ. ಅಂಗಡಿಯಿಂದ ತಂದ ಹಪ್ಪಳಕ್ಕೆ ಆ ರಿಯಾಯಿತಿ ಇಲ್ಲ, ನಿಮ್ಮ ಕೈಯದ್ದಕ್ಕೆ ಉಂಟು. ಹಸಿ ಕರಿಬೇವು ಮಾತ್ರ ಖಂಡಿತ ಇಡಬೇಡಿ, ಅದು ನಿಂಬೆಯ ಕುಟುಂಬದ ಗಿಡ, ನಿಂಬೆ ಕಿತ್ತಳೆ ತೋಟ ಹಾಳು ಮಾಡುವ ಕೀಟ ಅದರಲ್ಲಿ ಬರ್ತದೆ ಅಂತ ಅವರು ಬಿಡುವುದಿಲ್ಲ, ಒಂದು ಎಸಳು ಸಿಕ್ಕಿದ್ರೂ ಇಡೀ ಕಟ್ಟ ಸಿಕ್ಕಿಬೀಳಬಹುದು.

ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ದೊಡ್ಡ ಪ್ರಶ್ನೆ ಉಂಟು, ಸುಂಕ ನಿಜವಾಗಿ ಕೊಡುವುದು ಯಾರು ಅಂತ. ನಿಮ್ಮ ಪಾರ್ಸೆಲಿನಲ್ಲಿ ಕೊಡುವುದು ನೀವು, ಆದ್ರೆ ಹಡಗಿನಲ್ಲಿ ಹೋಗುವ ಸಾಮಾನಿಗೆ ಹಾಗಲ್ಲ. ಟ್ರಂಪ್ ಮೊದಲಿಂದ್ಲೂ ಹೇಳುವುದು ಹೊರದೇಶದವರು ಕೊಡ್ತಾರೆ ಅಂತ. ಕಸ್ಟಮ್ಸಿನಲ್ಲಿ ಚಲನ್ ಕಟ್ಟುವುದು ಅಲ್ಲಿ ಆಮದು ಮಾಡುವ ವ್ಯಾಪಾರಿ. ಅವನು ಒಂದಿಷ್ಟನ್ನು ನಮ್ಮ ರಫ್ತುದಾರನ ಹತ್ರ ರೇಟು ಇಳಿಸು ಅಂತ ಕಟ್ ಮಾಡ್ತಾನೆ, ಒಂದಿಷ್ಟು ತಾನು ನುಂಗ್ತಾನೆ, ಉಳಿದದ್ದನ್ನು ಅಲ್ಲಿಯ ಗಿರಾಕಿಯ ತಲೆಗೆ ಹಾಕ್ತಾನೆ. ಸಾಕ್ಷಿ ಬೇಕಾ? ನವೆಂಬರ್ 4ರ ಚುನಾವಣೆಯಲ್ಲಿ ನಿಮ್ಮ ಮಗಳಿರುವ ನ್ಯೂಜೆರ್ಸಿಯಲ್ಲಿ, ವರ್ಜೀನಿಯಾದಲ್ಲಿ, ನ್ಯೂಯಾರ್ಕ್ ನಗರದಲ್ಲಿ ಟ್ರಂಪಿನ ಎದುರು ಪಕ್ಷದವರು ಗೆದ್ರು, ಎಲ್ಲ ಕಡೆ ಜೀವನದ ಖರ್ಚು ದೊಡ್ಡ ಮಾತಾಗಿತ್ತು. ಹತ್ತು ದಿನದಲ್ಲಿ, ನವೆಂಬರ್ 14ಕ್ಕೆ, ಕಾಫಿ, ಚಹಾ, ಬಾಳೆಹಣ್ಣು, ದನದ ಮಾಂಸ, ಕೆಲವು ಸಾಂಬಾರ ಪದಾರ್ಥ ಇವಕ್ಕೆಲ್ಲ ಹೊಸ ಸುಂಕ ತೆಗೆದ್ರು. ಹೊರಗಿನವರೇ ಕೊಡುವುದಾದ್ರೆ ತೆಗೆಯುವ ಅಗತ್ಯ ಎಂತ ಇತ್ತು?

ಪ್ರಶ್ನೆ: ಜಿಯೋ, ಏರ್‌ಟೆಲ್, ಚಾಟ್‌ಜಿಪಿಟಿ ಎಲ್ಲರೂ ಸಾವಿರಾರು ರೂಪಾಯಿಯ ಎಐ ಫ್ರೀ ಕೊಡ್ತಿದ್ದಾರೆ. ತಗೊಳ್ಬಹುದಾ? ಮುಂದೆ ದುಡ್ಡು ಹೋಗ್ತದಾ? – ಕುಂಬಳೆಯ ಡಿಗ್ರಿ ವಿದ್ಯಾರ್ಥಿ

ತಮ್ಮಾ, ತಗೊ, ಆದ್ರೆ ಕಣ್ಣು ಬಿಟ್ಟು ತಗೊ. ಏರ್‌ಟೆಲಿನವರು ಜುಲೈಯಲ್ಲಿ ಪರ್ಪ್ಲೆಕ್ಸಿಟಿ ಅನ್ನುವ ಎಐ ಒಂದು ವರ್ಷ ಕೊಟ್ರು, ಜಿಯೋದವರು ಅಕ್ಟೋಬರ್ 30ಕ್ಕೆ ಗೂಗಲ್ ಜೆಮಿನಿ 18 ತಿಂಗಳು ಅಂದ್ರು, ಅದರ ಬೆಲೆ 35,100 ರೂಪಾಯಿ ಅಂತ ಅವರೇ ಹಾಕಿದ ಲೆಕ್ಕ, ತಿಂಗಳಿಗೆ 399 ಇದ್ದ ಚಾಟ್‌ಜಿಪಿಟಿ ಗೋ ನವೆಂಬರ್ 4ರಿಂದ ಒಂದು ವರ್ಷ ಫ್ರೀ ಅಂದ್ರು. ಈ ಅಮೆರಿಕದ ಕಂಪೆನಿಗಳಿಗೆ ಈಗ ಬೇಕಾದದ್ದು ನಿನ್ನ 399 ಅಲ್ಲ, ನಿನ್ನ ಅಭ್ಯಾಸ. ಒಂದು ವರ್ಷ ನೋಟ್ಸು, ಅಸೈನ್‌ಮೆಂಟು, ಅರ್ಜಿ ಎಲ್ಲ ಅದರಲ್ಲೇ ಮಾಡಿ ಅಭ್ಯಾಸ ಆದ್ಮೇಲೆ ಬಿಡ್ಲಿಕ್ಕೆ ಮನಸ್ಸು ಬರ್ಲಿಕ್ಕಿಲ್ಲ.

ದುಡ್ಡು ಹೋಗುವುದು ಫ್ರೀ ಮುಗಿದ ದಿನ. ಶುರುವಲ್ಲಿ ಯುಪಿಐ ಅಥವಾ ಕಾರ್ಡ್ ಕೇಳಿದ್ರೆ ಅಲ್ಲಿ ಆಟೋಪೇ ಆಗ್ತಾ ಉಂಟು ಅಂತ ತಿಳ್ಕೊ. ನಮ್ಮ ಮಾವನ ಫೋನಿನಲ್ಲಿ ಎರಡು ರೂಪಾಯಿ ಕೊಟ್ಟು ಒಂದು ವಿಡಿಯೋ ಆ್ಯಪ್ ಹಾಕಿದ್ರು, ಮೂರು ದಿನ ನೋಡಿ ಮರ್ತೇಬಿಟ್ರು, ತಿಂಗಳು ತಿಂಗಳು 499 ಹೋಗ್ತಾ ಇತ್ತು, ಐದನೇ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಗೊತ್ತಾದದ್ದು, ಪಿಂಚಣಿಯ ದುಡ್ಡು ಅದು, ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಪ್ರಕಾರ ದುಡ್ಡು ಕಟ್ ಆಗುವ 24 ಗಂಟೆ ಮೊದ್ಲು ಮೆಸೇಜ್ ಬರ್ಬೇಕು, ಬರ್ತದೆ ಕೂಡ, ಆದ್ರೆ ಇಂಗ್ಲಿಷಿನಲ್ಲಿ ಬರುವ ಇಪ್ಪತ್ತು ಮೆಸೇಜಿನ ನಡುವೆ ಅದನ್ನು ಯಾರು ಓದ್ತಾರೆ. 15,000ದ ವರೆಗೆ ಪ್ರತಿ ಸಲ ಒಟಿಪಿಯೂ ಕೇಳುವುದಿಲ್ಲ. ಆದ್ದರಿಂದ ಇವತ್ತೇ ನಿನ್ನ ಯುಪಿಐ ಆ್ಯಪಿನಲ್ಲಿ ಆಟೋಪೇ ಅಂತ ಇರುವ ಜಾಗ ತೆಗೆದು ನೋಡು, ಬೇಡದ್ದನ್ನು ಅಲ್ಲೇ ರದ್ದು ಮಾಡು, ಮನೆಯ ಹಿರಿಯರ ಫೋನಿನದ್ದೂ ನೋಡಿಕೊಡು.

ಸೇರ್ಲಿಕ್ಕೆ ಸುಲಭ, ಬಿಡ್ಲಿಕ್ಕೆ ಕಷ್ಟ ಮಾಡುವ ಈ ಬಲೆ ಎಲ್ಲ ಕಡೆ ಇದ್ದದ್ದೇ. ಪ್ರೈಮ್ ಅನ್ನುವ, ದುಡ್ಡು ಕೊಟ್ಟು ಸೇರುವ ಸದಸ್ಯತ್ವದ ವಿಷಯದಲ್ಲಿ ಹೀಗೆ ಮಾಡಿದ್ದಾರೆ ಅನ್ನುವ ಕೇಸಿನಲ್ಲಿ ಅಮೆಜಾನ್ ಕಂಪೆನಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ 2025ರ ಸೆಪ್ಟೆಂಬರ್ 25ಕ್ಕೆ ರಾಜಿ ಮಾಡಿಕೊಂಡು 250 ಕೋಟಿ ಡಾಲರ್ ಕೊಡ್ಲಿಕ್ಕೆ ಒಪ್ಪಿತು, ಅದರಲ್ಲಿ 150 ಕೋಟಿ ಗಿರಾಕಿಗಳಿಗೇ ವಾಪಸ್. ನಮ್ಮಲ್ಲೂ 2023ರ ನವೆಂಬರಿನಲ್ಲಿ ಇಂಥ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದ್ದಾರೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಕೊಡುವವರು ಕಡಿಮೆ ಅನ್ನೋದೇ ನನ್ನ ಸಂಕಟ.

ಪ್ರಶ್ನೆ: ನನ್ನ ಹಳೆ ಲ್ಯಾಪ್‌ಟಾಪ್ ವಿಂಡೋಸ್ 10ರದ್ದು. ಅಂಗಡಿಯವ ಇನ್ನು ಅದು ಆಗ್ಲಿಕ್ಕಿಲ್ಲ, ಹೊಸತು ತಗೊಳ್ಳಿ, ತಡ ಮಾಡಿದ್ರೆ ರೇಟು ಏರ್ತದೆ ಅಂತಾನೆ. ವ್ಯಾಪಾರದ ಮಾತಾ, ನಿಜವಾ? – ಮಂಜೇಶ್ವರದ ಟೀಚರ್

ಟೀಚರೇ, ಎರಡನೇ ಮಾತು ನಿಜ, ಮೊದಲನೇದು ಅರ್ಧ ಮಾತ್ರ.

ರೇಟು ಏರುವುದು ಎಐ ಕಾರಣದಿಂದ. ಜಗತ್ತಿಗೆಲ್ಲ ಮೆಮೊರಿ ಚಿಪ್ ಮಾಡುವ ದೊಡ್ಡ ಕಂಪೆನಿಗಳು ಮೂರೇ, ಕೊರಿಯಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಸರ್ವರಿಗೆ ಬೇಕಾದದ್ದು ಒಂದರ ಮೇಲೊಂದು ಪೇರಿಸಿದ ಬೇರೆ ಜಾತಿಯ ಮೆಮೊರಿ, ಅಷ್ಟೇ ಸಾಮರ್ಥ್ಯಕ್ಕೆ ನಮ್ಮ ಲ್ಯಾಪ್‌ಟಾಪಿನ ರ್‍ಯಾಮಿಗಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ತಿನ್ನುವಂಥದ್ದು. ಲಾಭ ಅಲ್ಲಿ ಜಾಸ್ತಿ, ಹಾಗಾಗಿ ಕಾರ್ಖಾನೆಗಳು ಆ ಕಡೆ ತಿರುಗಿದ್ವು, ನಮ್ಮಂಥವರ ರ್‍ಯಾಮಿಗೆ ಬರ ಬಂತು. ಡಿಸೆಂಬರ್ 3ಕ್ಕೆ ಮೈಕ್ರಾನ್ ಅಂತೂ ಅಂಗಡಿಯಲ್ಲಿ ಸಿಗ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೇವೆ ಅಂತ ಹೇಳಿಬಿಟ್ಟಿತು. ಗದ್ದೆಗೆ ಹೋಗುವ ನೀರನ್ನು ತೋಟಕ್ಕೆ ತಿರುಗಿಸಿದ ಹಾಗೆ ಆಯ್ತು.

ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ನಿಂತದ್ದು ಹೌದು. ಆದ್ರೆ 2026ರ ಅಕ್ಟೋಬರ್ ವರೆಗೆ ಭದ್ರತೆಯ ಅಪ್‌ಡೇಟ್ ಪಡೆಯುವ ದಾರಿ ಮೈಕ್ರೋಸಾಫ್ಟೇ ಇಟ್ಟಿದೆ, ಸೆಟ್ಟಿಂಗಿನಲ್ಲಿ ಅಪ್‌ಡೇಟ್ ಪುಟದಲ್ಲಿ ಸೇರಿಕೊಳ್ಳಿ. ಆಮೇಲೆ? ನೀವು ಕೇರಳದ ಶಾಲೆಯ ಟೀಚರು, ನಿಮ್ಮ ಶಾಲೆಯ ಐಟಿ ಲ್ಯಾಬಿನಲ್ಲಿ ಇರುವುದು ಎಂತ? ಲಿನಕ್ಸ್. ದುಡ್ಡು ಕೊಡದೆ ಸಿಗುವ, ಹಳೆ ಮೆಷಿನಿನಲ್ಲೂ ಓಡುವ ಸಿಸ್ಟಮ್ ಅದು, ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕನ್ನಡ ಟೈಪ್ ಮಾಡ್ಲಿಕ್ಕೆ ಕಲಿತದ್ದು. ನಿಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೆ ಬರುವುದು ಮನೆಯ ಲ್ಯಾಪ್‌ಟಾಪಿಗೆ ಯಾಕೆ ಆಗ್ಬಾರ್ದು. ಫೈಲ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಟ್ಟು ಶಾಲೆಯ ಐಟಿ ಮಾಷ್ಟ್ರ ಹತ್ರ ಒಂದು ಮಾತು ಕೇಳಿ ನೋಡಿ. ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಐವತ್ತು ಸಾವಿರ ಕೊಡುವ ಮೊದ್ಲು.

ಪ್ರಶ್ನೆ: ಮಗ ವೀಸಾ ಸ್ಟ್ಯಾಂಪಿಂಗಿಗೆ ಅಂತ ಡಿಸೆಂಬರಿನಲ್ಲಿ ಊರಿಗೆ ಬಂದ. ಅಪಾಯಿಂಟ್‌ಮೆಂಟ್ ಮಾರ್ಚಿಗೆ ಹೋಯ್ತು. ಒಂದು ಲಕ್ಷ ಡಾಲರ್ ಕಟ್ಟಬೇಕಂತಲೂ ಹೇಳ್ತಾರೆ. ನಮಗೆ ನಿದ್ದೆ ಇಲ್ಲ. – ಬದಿಯಡ್ಕದ ದಂಪತಿ

ಮೊದ್ಲು ನಿದ್ದೆ ಬರುವ ಮಾತು ಹೇಳ್ತೇನೆ. ಒಂದು ಲಕ್ಷ ಡಾಲರ್, ಅಂದ್ರೆ 90 ಲಕ್ಷ ರೂಪಾಯಿಯ ಹತ್ರ, ಅದು 2025ರ ಸೆಪ್ಟೆಂಬರ್ 21ರ ನಂತರ ಹಾಕುವ ಹೊಸ ಎಚ್-1ಬಿ (ಅಲ್ಲಿ ಕೆಲಸ ಮಾಡುವವರ ವೀಸಾ) ಅರ್ಜಿಗೆ. ಮೊದಲೇ ಮಂಜೂರಾದ ಅರ್ಜಿ ಇಟ್ಟುಕೊಂಡು ಪಾಸ್‌ಪೋರ್ಟಿಗೆ ವೀಸಾ ಸ್ಟ್ಯಾಂಪ್ ಹಾಕಿಸ್ಲಿಕ್ಕೆ ಬಂದವನಿಗೆ ಅದು ತಾಗುವುದಿಲ್ಲ. ಘೋಷಣೆ ಆದ ರಾತ್ರಿ ಏನೂ ಸ್ಪಷ್ಟ ಇರ್ಲಿಲ್ಲ, ವಿಮಾನ ಹತ್ತಿ ಕೂತವರು ಇಳಿದು ಹೋದ್ರು, ಮರುದಿನ ಸ್ಪಷ್ಟನೆ ಬಂತು. ಆ ಒಂದು ರಾತ್ರಿಯ ಹೆದರಿಕೆಯೇ ಇನ್ನೂ ವಾಟ್ಸಾಪಿನಲ್ಲಿ ತಿರುಗ್ತಾ ಉಂಟು.

ಅಪಾಯಿಂಟ್‌ಮೆಂಟ್ ಮುಂದೆ ಹೋದದ್ದು ಬೇರೆ ಕಾರಣಕ್ಕೆ. ಡಿಸೆಂಬರ್ 15ರಿಂದ ಎಚ್-1ಬಿ, ಅವರ ಮನೆಯವರಿಗೆ ಕೊಡುವ ಎಚ್-4 ಅರ್ಜಿದಾರರ ಸೋಶಿಯಲ್ ಮೀಡಿಯಾ ಖಾತೆಗಳನ್ನೆಲ್ಲ ನೋಡ್ತಾರೆ, ಖಾತೆ ಪಬ್ಲಿಕ್ ಇಡ್ಬೇಕು ಅಂತ ಸೂಚನೆ, ಹಾಗಾಗಿ ದಿನಕ್ಕೆ ನೋಡುವ ಅರ್ಜಿ ಕಡಿಮೆ ಆಯ್ತು. ನಿಮ್ಮ ಮಗ ಮಾತ್ರ ಅಲ್ಲ, ಹೀಗೆ ಬಂದು ಸಿಕ್ಕಿಹಾಕಿಕೊಂಡವರು ತುಂಬ ಜನ. ಹಳೆ ತಾರೀಕು ಹಿಡ್ಕೊಂಡು ಕಾನ್ಸುಲೇಟಿಗೆ ಹೋದ್ರೆ ಒಳಗೆ ಬಿಡುವುದಿಲ್ಲ. ಬೆಂಗಳೂರಲ್ಲಿ ಕಾನ್ಸುಲೇಟ್ ಆಗಿದೆಯಲ್ಲ ಅಂತ ಯಾರಾದ್ರೂ ಹೇಳ್ಬಹುದು, ಜನವರಿಯಲ್ಲಿ ಉದ್ಘಾಟನೆ ಆದದ್ದು ನಿಜ, ವೀಸಾ ಕೆಲಸ ಅಲ್ಲಿ ಇಲ್ಲ. ಮಗ ತನ್ನ ಕಂಪೆನಿಗೂ ಕಂಪೆನಿಯ ವಕೀಲರಿಗೂ ಕೂಡಲೇ ಲಿಖಿತವಾಗಿ ತಿಳಿಸಿ, ಇಲ್ಲಿಂದ ಕೆಲಸ ಮಾಡ್ಲಿಕ್ಕೆ ಒಪ್ಪಿಗೆ ಕೇಳಲಿ. ದುಡ್ಡು ಕೊಟ್ರೆ ಬೇಗ ತಾರೀಕು ಕೊಡಿಸ್ತೇನೆ ಅನ್ನುವ ಏಜೆಂಟ್ ಈಗ ಬಂದೇ ಬರ್ತಾನೆ, ಬಾಗಿಲು ತೆಗೆಯಬೇಡಿ.

ಪ್ರಶ್ನೆ: ಐಫೋನ್ ಇಂಡಿಯಾದಲ್ಲಿ ಮಾಡಬೇಡಿ ಅಂತ ಟ್ರಂಪ್ ಹೇಳಿದಾನಂತೆ. ನನ್ನ ತಂಗಿ ಇಲ್ಲಿ ಫೋನ್ ಫ್ಯಾಕ್ಟರಿಗೆ ಹೋಗ್ತಾಳೆ. ಕೆಲಸ ಹೋಗುತ್ತಾ? – ಹೊಸೂರಿನಿಂದ

ಹೇಳಿದ್ದು ಹೌದು, ಮೇ ತಿಂಗಳಲ್ಲಿ ದೋಹಾದಲ್ಲಿ ಐಫೋನಿನ ಕಂಪೆನಿ ಆ್ಯಪಲಿನ ಆಗಿನ ಮುಖ್ಯಸ್ಥ ಟಿಮ್ ಕುಕ್ ಬಗ್ಗೆ. ಆದ್ರೆ ಅದಕ್ಕೂ ಮೊದ್ಲು, ಏಪ್ರಿಲ್ 11ಕ್ಕೆ, ಸ್ಮಾರ್ಟ್‌ಫೋನನ್ನು ಹೊಸ ಸುಂಕದಿಂದ ಹೊರಗಿಟ್ಟದ್ದೂ ಅದೇ ಸರ್ಕಾರ. ಅಮೆರಿಕದಲ್ಲಿ ಮಾರುವ ಐಫೋನಿನಲ್ಲಿ ಹೆಚ್ಚಿನದ್ದು ಇನ್ನು ಭಾರತದ್ದೇ ಅಂತ ಕುಕ್ ಮೇ ತಿಂಗಳ ಶುರುವಿನಲ್ಲಿ ಹೇಳಿದ್ರು. ಅಷ್ಟು ಜನರ ಕೈ ಕೆಲಸವನ್ನು ಒಂದು ಭಾಷಣದಿಂದ ಎತ್ತಿ ಬೇರೆ ಕಡೆ ಇಡ್ಲಿಕ್ಕೆ ಆಗುವುದಿಲ್ಲಮ್ಮ. ತಂಗಿ ನೋಡಿಕೊಳ್ಳಬೇಕಾದದ್ದು ಪಿಎಫ್ ಸರಿಯಾಗಿ ಬೀಳ್ತದಾ, ಕಾಂಟ್ರಾಕ್ಟ್ ಕಾಗದ ಕೈಯಲ್ಲಿ ಉಂಟಾ ಅಂತ.

ಪ್ರಶ್ನೆ: ಸರ್ಕಾರವೇ ಬಂದ್ ಆಗೋದು ಅಂದ್ರೆ ಏನಣ್ಣ? – ಮಡಕಶಿರಾದಿಂದ

ಅಮೆರಿಕದಲ್ಲಿ ಖರ್ಚಿನ ಬಿಲ್ ಪಾಸಾಗದಿದ್ರೆ ಸರ್ಕಾರ ಬೀಳುವುದಿಲ್ಲ, ಸಂಬಳ ನಿಲ್ತದೆ. ನಮ್ಮಲ್ಲಿ ಲೋಕಸಭೆಯಲ್ಲಿ ಬಜೆಟ್ ಸೋತ್ರೆ ಸರ್ಕಾರವೇ ಮನೆಗೆ ಹೋಗ್ಬೇಕು, ಅಲ್ಲಿ ಅಧ್ಯಕ್ಷ ಕೂತಲ್ಲೇ ಇರ್ತಾರೆ, ಸೆನೆಟಿನಲ್ಲಿ, ಅಂದ್ರೆ ಅಲ್ಲಿಯ ಮೇಲ್ಮನೆಯಲ್ಲಿ, 100ರಲ್ಲಿ 60 ಮತ ಬೇಕು, ಅದು ಸಿಗುವ ತನಕ ಕಚೇರಿಗೆ ಬೀಗ. ಈ ಸಲ ಆರೋಗ್ಯ ವಿಮೆಯ ಸಬ್ಸಿಡಿ ವಿಷಯದಲ್ಲಿ ಎರಡೂ ಪಕ್ಷದವರು ಹಟ ಹಿಡಿದು 2025ರ ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ ಎಳೆದ್ರು, ಇಷ್ಟು ಉದ್ದದ್ದು ಅಲ್ಲಿ ಹಿಂದೆ ಆದದ್ದೇ ಇಲ್ಲ. ವಿಮಾನ ಇಳಿಸುವ ಕಂಟ್ರೋಲರ್‌ಗಳು ಸಂಬಳ ಇಲ್ಲದೆ ಡ್ಯೂಟಿ ಮಾಡಿದ್ರು.

ಪ್ರಶ್ನೆ: ಅಣ್ಣ ಅಮೆರಿಕದಿಂದ ಕಳಿಸುವ ದುಡ್ಡಿಗೆ ಜನವರಿಯಿಂದ ಟ್ಯಾಕ್ಸಂತೆ? – ಮುಳ್ಳೇರಿಯದಿಂದ

2026ರ ಜನವರಿ 1ರಿಂದ ಶೇಕಡಾ 1. ಮೊದ್ಲು 5 ಅಂದಿದ್ರು, ಆಮೇಲೆ ಮೂರೂವರೆ, ಕೊನೆಗೆ ಒಂದಕ್ಕೆ ನಿಂತಿತು. ಅದೂ ನೋಟು ಕೊಟ್ಟು ಅಥವಾ ಮನಿ ಆರ್ಡರ್ ಮಾಡಿ ಕಳಿಸಿದ್ರೆ ಮಾತ್ರ. ಅಲ್ಲಿಯ ಬ್ಯಾಂಕ್ ಖಾತೆಯಿಂದ, ಅಲ್ಲಿಯದೇ ಡೆಬಿಟ್ ಕಾರ್ಡಿನಿಂದ ಕಳಿಸಿದ್ರೆ ಒಂದು ಪೈಸೆ ಇಲ್ಲ. ಅಣ್ಣನಿಗೆ ಇಷ್ಟು ಹೇಳಿ, ಸಾಕು.