ಹೆಸರು ಬರೆದಿರಲಿಲ್ಲ, ಆದರೂ ಇಡೀ ಕಟ್ಟಡಕ್ಕೆ ತಿಳಿಯಿತು

ಸರ್ಕಾರಿ ಸೇವೆಯಲ್ಲಿ ಕಂಡದ್ದನ್ನು ಬರೆದ ಪುಸ್ತಕವನ್ನು ಚುನಾವಣೆಗೆ ಮುಂಚೆ ತರಬೇಕೇ, ಸಂಬಂಧಪಟ್ಟವರು ಅಧಿಕಾರ ಬಿಟ್ಟ ಮೇಲೆ ತರಬೇಕೇ, ಹೆಸರುಗಳನ್ನು ಬಿಟ್ಟು ಬರೆದರೆ ಸಾಕೇ, ಪಿಂಚಣಿಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ನಿವೃತ್ತಿಯಾದ ಮೇಲೆ ಇವೇ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ನಾನೂ ವಕೀಲರ ಮುಂದೆ ಕುಳಿತಿದ್ದೆ. ಅವರು ಕೊಟ್ಟ ಉತ್ತರಗಳೆಲ್ಲ ಸರಿಯಾಗಿದ್ದವು. ಪುಸ್ತಕ ಬಂತು, ನನಗೆ ಕೂದಲೂ ಕೊಂಕಲಿಲ್ಲ. ತೊಂದರೆಯಾದದ್ದು ಇನ್ನೊಬ್ಬರಿಗೆ. ಅವರ ಬಗ್ಗೆ ಒಂದು ಪ್ರಶ್ನೆಯೂ ನನ್ನ ಹಾಳೆಯಲ್ಲಿರಲಿಲ್ಲ. ನಿಮ್ಮ ಪ್ರಶ್ನೆಯಲ್ಲೂ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ನಾನು ಅಧೀನ ಕಾರ್ಯದರ್ಶಿಯಾಗಿದ್ದೆ. ನಾನು ಆ ಹುದ್ದೆಗೆ ಬರುವ ಹೊತ್ತಿಗೆ ಜಮೀನು ಮಂಜೂರಾತಿಯ ಕಡತವೊಂದು ಮೇಲಿನಿಂದ ಅನುಮೋದನೆ ಪಡೆದು, ಆದೇಶ ಹೊರಡಿಸಲು ಕೆಳಗೆ ಬಂದಿತ್ತು. ಕರಡು ಆದೇಶಕ್ಕೆ ಸಹಿ ಮಾಡುವುದಷ್ಟೇ ನನ್ನ ಪಾಲಿನ ಕೆಲಸ. ಆಗ ಶಾಖೆಯಲ್ಲಿ ಆ ವಿಷಯದ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕಿ ಒಳಗೆ ಬಂದು, "ಸರ್, ಸಹಿ ಮಾಡುವ ಮೊದಲು ಇದನ್ನೊಮ್ಮೆ ನೋಡಿ" ಎಂದು ಒಂದು ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲಿಟ್ಟರು. ಕಚೇರಿಗೆ ಬಂದ ಪತ್ರಗಳನ್ನು ದಾಖಲಿಸುವ ಹಳೆಯ ಆವಕ ವಹಿಯ ರಟ್ಟಿಗೆ ಹೊದಿಸಿದ್ದ ಕಂದು ಕಾಗದದ ಒಳಗೆ ಅದನ್ನು ಸಿಕ್ಕಿಸಿಟ್ಟಿದ್ದರು. ನನಗಿಂತ ಮುಂಚೆ ಆ ಹುದ್ದೆಯಲ್ಲಿದ್ದ ಅಧಿಕಾರಿ ಮಂಜೂರಾತಿಯನ್ನು ವಿರೋಧಿಸಿ, ಕಾರಣಗಳನ್ನು ಒಂದೊಂದಾಗಿ ಕೊಟ್ಟು ಬರೆದಿದ್ದ ಟಿಪ್ಪಣಿ ಅದು. ಕಡತದಲ್ಲಿ ಆ ಹಾಳೆಯೇ ಇರಲಿಲ್ಲ. ಅದರ ಜಾಗದಲ್ಲಿ "ಚರ್ಚಿಸಿದಂತೆ ಅನುಮೋದನೆಗೆ ಮಂಡಿಸಿದೆ" ಎಂಬ ಒಕ್ಕಣೆಯ ಇನ್ನೊಂದು ಹಾಳೆ ಕುಳಿತಿತ್ತು, ಪ್ರಭಾರದಲ್ಲಿದ್ದವರೊಬ್ಬರ ಸಹಿಯೊಂದಿಗೆ.

ನಾನು ಆಕ್ಷೇಪಣೆ ಬರೆದೆ. ಅದನ್ನು ತಳ್ಳಿಹಾಕಿದರು. ನನಗೆ ವರ್ಗವಾಯಿತು. ಸರ್ಕಾರಿ ಕೆಲಸದಲ್ಲಿದ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಮೂಲ ಟಿಪ್ಪಣಿ ಬರೆದಿದ್ದ ಆ ಅಧಿಕಾರಿ ತೀರಿಕೊಂಡರು. ಮಂಜೂರಾತಿಯ ವಿಷಯ ಹೊರಬಿದ್ದಾಗ ಅದು ಅವರ ಕಾಲದಲ್ಲಿ ನಡೆದ ಅಕ್ರಮವೆಂದೇ ಸುದ್ದಿಯಾಯಿತು. ಅವರೊಬ್ಬರೇ ಅದನ್ನು ತಡೆಯಲು ನಿಂತಿದ್ದರು ಎಂದು ಹೇಳಲು ಯಾರೂ ಇರಲಿಲ್ಲ. ನಾನು ಪುಸ್ತಕ ಬರೆಯಲು ಕುಳಿತದ್ದು ಅದಕ್ಕಾಗಿ. ಬರೆದದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ವಕೀಲರು ಕರಡನ್ನು ಸಾಲು ಸಾಲಾಗಿ ಓದಿದರು. ಸಚಿವರ ಹೆಸರು ಹೋಗಿ "ಪ್ರಭಾವಿಯೊಬ್ಬರು" ಎಂದಾಯಿತು. ಮೇಲಧಿಕಾರಿಗಳ ಹುದ್ದೆಗಳು ಮಸುಕಾದವು. ಮೊಕದ್ದಮೆ ಹೂಡುವ ಶಕ್ತಿಯಿದ್ದ ಪ್ರತಿಯೊಬ್ಬರ ಬಗ್ಗೆಯೂ ಪ್ರತಿ ವಾಕ್ಯವನ್ನೂ ತೂಗಿ ನೋಡಿದೆವು. ಕೊನೆಯ ಹಂತದಲ್ಲಿ ಪ್ರಕಾಶಕರು ಒಂದು ಮಾತು ಕೇಳಿದರು: "ಹಾಳೆ ಬದಲಾಗಿದೆ ಎಂದು ನಿಮಗೆ ಹೇಗೆ ತಿಳಿಯಿತು? ಓದುವವರು ಮೊದಲು ಕೇಳುವುದೇ ಇದನ್ನು." ನ್ಯಾಯವಾದ ಪ್ರಶ್ನೆ. ಅಂದೇ ಕುಳಿತು ಎರಡು ಪುಟ ಸೇರಿಸಿದೆ. ವಿಷಯ ನಿರ್ವಾಹಕಿ ಒಳಗೆ ಬಂದದ್ದು, ಜೆರಾಕ್ಸ್ ತೋರಿಸಿದ್ದು, ವಹಿಯ ಹೊದಿಕೆಯೊಳಗೆ ಅದನ್ನು ಬಚ್ಚಿಟ್ಟಿದ್ದ ಅವರ ಧೈರ್ಯ, ಎಲ್ಲವನ್ನೂ ಮನಸಾರೆ ಮೆಚ್ಚಿ ಬರೆದೆ. ಹೆಸರು ಬರೆಯಲಿಲ್ಲ. ಅಷ್ಟು ಸಾಕು ಎಂದುಕೊಂಡೆ.

ಈ ಜಾಗದಲ್ಲಿ ನಿಲ್ಲಿ. ನೀವು ಮಾಡಲು ಹೊರಟಿರುವುದೂ ಇದನ್ನೇ. ಯಾವ ವಿಷಯದ ಕಡತ ಯಾವ ಮೇಜಿಗೆ ಹೋಗಬೇಕು ಎಂಬುದಕ್ಕೆ ಪ್ರತಿ ಶಾಖೆಯಲ್ಲೂ ಕಾರ್ಯ ಹಂಚಿಕೆಯ ಆದೇಶವಿರುತ್ತದೆ. ನಾನು ಇಲಾಖೆಯನ್ನು ಹೇಳಿದ್ದೆ, ವರ್ಷವನ್ನು ಹೇಳಿದ್ದೆ, ಕಡತದ ವಿಷಯವನ್ನು ಹೇಳಿದ್ದೆ, ಅವರು ಹೆಂಗಸೆಂದೂ ಹೇಳಿದ್ದೆ. ಆ ಆದೇಶವನ್ನು ತೆಗೆದು ನೋಡುವ ಅಗತ್ಯವೂ ಯಾರಿಗೂ ಬೀಳಲಿಲ್ಲ. ಹೊರಗಿನ ಓದುಗರಿಗೆ ಅವರು ಯಾರೋ ಒಬ್ಬರು. ಕಟ್ಟಡದೊಳಗಿನವರಿಗೆ ಅವರ ಹೆಸರೂ ಗೊತ್ತು, ಮೇಜೂ ಗೊತ್ತು. ಸಚಿವರನ್ನು ಪತ್ತೆ ಹಚ್ಚಲು ಓದುಗ ತಲೆ ಕೆಡಿಸಿಕೊಳ್ಳಬೇಕಿತ್ತು. ವಿಷಯ ನಿರ್ವಾಹಕಿಯನ್ನು ನಾನೇ ಕೈ ಹಿಡಿದು ತೋರಿಸಿಕೊಟ್ಟಿದ್ದೆ. ಮತ್ತು ಅವರು ಇನ್ನೂ ಸೇವೆಯಲ್ಲಿದ್ದರು.

ಪುಸ್ತಕದ ಸುದ್ದಿ ಹರಡಿದ ಮೇಲೆ ಅವರಿಗೆ ನೋಟಿಸ್ ಬಂತು. ಸರ್ಕಾರಿ ದಾಖಲೆಯ ಪ್ರತಿಯನ್ನು ಅನುಮತಿಯಿಲ್ಲದೆ ತೆಗೆದು ಇಟ್ಟುಕೊಂಡಿದ್ದೇಕೆ ಎಂಬುದು ಆರೋಪ. ಹಾಳೆ ಬದಲಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ. ಇಲಾಖಾ ವಿಚಾರಣೆ ಶುರುವಾಯಿತು. ಬಡ್ತಿಯ ಸರದಿ ಬಂದಾಗ ಅವರ ಹೆಸರು ಮುಚ್ಚಿದ ಲಕೋಟೆಗೆ ಹೋಯಿತು, ಅಂದರೆ ವಿಚಾರಣೆ ಮುಗಿಯುವವರೆಗೆ ಬಡ್ತಿಯ ತೀರ್ಮಾನವನ್ನು ತೆರೆಯದೆ ಇಟ್ಟರು, ಅವರಿಗಿಂತ ಕಿರಿಯರು ಮುಂದೆ ಹೋದರು. ಅವರ ಪರವಾಗಿ ಹೇಳಿಕೆ ಕೊಡುತ್ತೇನೆಂದು ನಾನು ಓಡಿದೆ. ಅವರ ವಕೀಲರು ನನ್ನನ್ನು ತಡೆದರು. ಪ್ರತಿ ಅವರ ಬಳಿ ಇತ್ತೆಂಬುದಕ್ಕೆ ನನ್ನ ಪುಸ್ತಕ ಬಿಟ್ಟರೆ ಬೇರೆ ಸಾಕ್ಷ್ಯವಿರಲಿಲ್ಲ. ನಾನು ನಿಜ ಹೇಳಿದಷ್ಟೂ ಆರೋಪ ಗಟ್ಟಿಯಾಗುತ್ತಿತ್ತು. ಕೊನೆಗೆ ವಾಗ್ದಂಡನೆಯೊಂದಿಗೆ ಅದು ಮುಗಿಯಿತು. ಕಳೆದುಹೋದ ಜ್ಯೇಷ್ಠತೆ ಹಿಂದಿರುಗಲಿಲ್ಲ.

ನಾನು ಅವರನ್ನು ಮೊದಲೇ ಏಕೆ ಕೇಳಲಿಲ್ಲ? ಫೋನ್ ನಂಬರ್ ಇತ್ತು. ಕೇಳಿದರೆ ಬೇಡ ಎನ್ನುತ್ತಾರೆ, ಆಗ ಅಧ್ಯಾಯವೇ ನಿಂತುಹೋಗುತ್ತದೆ ಎಂಬ ಭಯದಿಂದ ಕೇಳಲಿಲ್ಲ. ವಿಚಾರಣೆ ನಡೆಯುತ್ತಿದ್ದಾಗ ಅವರು ಹೇಳಿದ ಮಾತು ಇದು: "ಸರ್, ಕೇಳಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ. ನಾನು ತೋರಿಸಿದೆ ಎಂಬುದೊಂದನ್ನು ಬಿಟ್ಟು ಬರೆಯಿರಿ ಎನ್ನುತ್ತಿದ್ದೆ."

ಬಿಟ್ಟು ಬರೆಯಲು ದಾರಿಯೂ ಇತ್ತು. ವಿಚಾರಣೆಗಾಗಿ ಅವರ ವಕೀಲರು ಕಡತದ ಪ್ರತಿಯನ್ನು ತರಿಸಿದರು. ಟಿಪ್ಪಣಿಯ ಕಂಡಿಕೆಗಳಿಗೆ, ಅಂದರೆ ಪ್ಯಾರಾಗಳಿಗೆ, ಅನುಕ್ರಮ ಸಂಖ್ಯೆ ಇರುತ್ತದೆಯಲ್ಲ, ಬದಲಿಸಿದ ಹಾಳೆ ಕಂಡಿಕೆ 38ಕ್ಕೆ ಮುಗಿದಿತ್ತು, ಮುಂದಿನ ಹಾಳೆ 44ರಿಂದ ಶುರುವಾಗಿತ್ತು. ಅದಕ್ಕಿಂತ ಮುಂದೆ ಇನ್ನೊಂದು ಶಾಖೆಯವರು "ಕಂಡಿಕೆ 41ರಲ್ಲಿ ಎತ್ತಿರುವ ಆಕ್ಷೇಪಣೆಗಳಿಗೆ ಸಮಜಾಯಿಷಿ ಅಗತ್ಯ" ಎಂದು ಷರಾ ಬರೆದಿದ್ದರು. ಇಲ್ಲದ ಕಂಡಿಕೆಗೆ ಸಮಜಾಯಿಷಿ ಕೇಳಿದ್ದರು! ಹಾಳೆ ಬದಲಾಗಿದೆ ಎಂಬುದನ್ನು ಕಡತವೇ ಹೇಳುತ್ತಿತ್ತು. ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ ಆ ಮೂರು ಹಾಳೆಗಳನ್ನು ಪಡೆದು, ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರೆ ನನ್ನ ಅಧ್ಯಾಯ ಈಗಿರುವುದಕ್ಕಿಂತ ಹತ್ತು ಪಟ್ಟು ಬಲವಾಗಿರುತ್ತಿತ್ತು. ಆ ಹೆಣ್ಣುಮಗಳು ಅದರಲ್ಲಿ ಎಲ್ಲಿಯೂ ಇರಬೇಕಾಗಿರಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

ಚುನಾವಣೆಗೆ ಮುಂಚೆಯೋ ಆಮೇಲೋ ಎಂಬುದನ್ನು ಮರೆತುಬಿಡಿ. ಪ್ರಧಾನಿಯ ಮಾಧ್ಯಮ ಸಲಹೆಗಾರರಾಗಿದ್ದ ಸಂಜಯ ಬಾರು ಅವರ ಪುಸ್ತಕ 2014ರ ಲೋಕಸಭಾ ಚುನಾವಣೆಯ ನಡುವೆ, ಏಪ್ರಿಲ್‌ನಲ್ಲಿ ಬಂತು. ಅದರಲ್ಲಿ ಏನಿದೆ ಎಂಬುದಕ್ಕಿಂತ ಈಗೇಕೆ ಬಂತು ಎಂಬುದೇ ದೊಡ್ಡ ಚರ್ಚೆಯಾಯಿತು. ಚುನಾವಣೆಗೆಂದೇ ತಂದರೆ ನಿಮ್ಮ ಪುಸ್ತಕಕ್ಕೂ ಅದೇ ಗತಿ. ಹಾಗೆಂದು, ದೊಡ್ಡವರು ಅಧಿಕಾರದಿಂದ ಇಳಿಯಲೆಂದು ಕಾಯುವುದರಲ್ಲೂ ಅರ್ಥವಿಲ್ಲ. ಅವರು ಇಳಿದ ಮೇಲೆ ಬರೆಯುವುದರಿಂದ ಯಾರಿಗೆ ಏನು ಉಪಕಾರ? ಕಾಯುವುದಾದರೆ ಬೇರೆಯವರಿಗಾಗಿ ಕಾಯಬೇಕು. ಬ್ರಿಟನ್ನಿನಲ್ಲಿ ಸಚಿವರಾಗಿದ್ದ ರಿಚರ್ಡ್ ಕ್ರಾಸ್‌ಮನ್ ಅವರ ದಿನಚರಿಯನ್ನು ತಡೆಯಲು ಸರ್ಕಾರ ನ್ಯಾಯಾಲಯಕ್ಕೆ ಹೋಗಿ 1975ರಲ್ಲಿ ಸೋತಿತು. ಮರುವರ್ಷ ರ್‍ಯಾಡ್‌ಕ್ಲಿಫ್ ಸಮಿತಿ (ನಮ್ಮ ದೇಶದ ಗಡಿರೇಖೆ ಎಳೆದ ಅದೇ ರ್‍ಯಾಡ್‌ಕ್ಲಿಫ್) ಒಂದು ನಿಯಮ ಸೂಚಿಸಿತು: ಸಹೋದ್ಯೋಗಿಗಳ ಅಭಿಪ್ರಾಯ, ಅಧಿಕಾರಿಗಳು ಗುಟ್ಟಾಗಿ ಕೊಟ್ಟ ಸಲಹೆ ಇಂಥವನ್ನು ಮಾಜಿ ಸಚಿವರು 15 ವರ್ಷ ಹೊರಗೆಡಹಬಾರದು. ಆ ಅವಧಿ ಅತಿಯಾಯಿತೆಂದು ನನ್ನ ಅಭಿಪ್ರಾಯ. ಆದರೆ ಬಾಯಿಬಿಟ್ಟು ಉತ್ತರ ಕೊಡಲಾಗದ ನೌಕರರೂ ಇದ್ದಾರೆ ಎಂದು ಆ ಸಮಿತಿಗೆ ನೆನಪಿತ್ತು. ನನಗೆ ನೆನಪಿರಲಿಲ್ಲ.

ಹೆಸರು ಬಿಡುವ ವಿಷಯದಲ್ಲಿ ನೀವು ತಿರುಗಾಮುರುಗಾ ಯೋಚಿಸುತ್ತಿದ್ದೀರಿ. ದಾಖಲೆ ಕೈಯಲ್ಲಿದ್ದರೆ ಸಹಿ ಮಾಡಿದ ದೊಡ್ಡವರ ಹೆಸರನ್ನು ಬರೆಯಿರಿ, ಕೆಳಗಿನವರನ್ನು ಪೂರ್ತಿ ಅಳಿಸಿ. ಹೆಸರನ್ನಷ್ಟೇ ಅಳಿಸಿದರೆ ಸಾಲದು. ಹುದ್ದೆ, ವರ್ಷ, ಗಂಡೋ ಹೆಣ್ಣೋ, ಊರು, ಕೂರುತ್ತಿದ್ದ ಜಾಗ, ಎಲ್ಲವೂ ಹೋಗಬೇಕು. ಅಧಿಕಾರಸ್ಥರ ಬಗ್ಗೆ ಬರೆಯುವುದಕ್ಕೆ ನಮ್ಮ ಕಾನೂನಿನಲ್ಲಿ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಜಾಗವಿದೆ. ತಮಿಳುನಾಡಿನ ಆಟೋ ಶಂಕರ್ ಎಂಬ ಮರಣದಂಡನೆಯ ಕೈದಿಯ ಆತ್ಮಕಥೆಯಲ್ಲಿ ಅಧಿಕಾರಿಗಳ ನಂಟಿನ ವಿಷಯವಿತ್ತು. ಅದನ್ನು ಪತ್ರಿಕೆಯಲ್ಲಿ ಪ್ರಕಟಿಸದಂತೆ ತಡೆಯಲು ಹೊರಟಾಗ ಸುಪ್ರೀಂ ಕೋರ್ಟ್ 1994ರಲ್ಲಿ, ಆರ್. ರಾಜಗೋಪಾಲ್ ಪ್ರಕರಣದಲ್ಲಿ, ಪ್ರಕಟಣೆಗೆ ಮೊದಲೇ ತಡೆ ಹಾಕುವ ಅಧಿಕಾರ ಸರ್ಕಾರಕ್ಕಾಗಲಿ ಅಧಿಕಾರಿಗಳಿಗಾಗಲಿ ಇಲ್ಲ ಎಂದಿತು. ಪ್ರಕಟವಾದ ಮೇಲೆ ಮಾನನಷ್ಟದ ಮೊಕದ್ದಮೆ ಬರಬಹುದು, ಅದು ನಿಜ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ನಿಜವಾಗಿದ್ದರಷ್ಟೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೂ ಆಗಿರಬೇಕು. ಸರ್ಕಾರಿ ಜಮೀನಿನ ಕಡತ ಸಾರ್ವಜನಿಕ ಹಿತದ ವಿಷಯವಲ್ಲದೆ ಇನ್ನೇನು? ಆದರೆ ಮುಚ್ಚಿದ ಕೋಣೆಯಲ್ಲಿ ಯಾರು ಏನು ಅಂದರು ಎಂಬುದನ್ನು ನೆನಪಿನಿಂದ ಎತ್ತಿ ಉದ್ಧರಣ ಚಿಹ್ನೆಯೊಳಗೆ ಹಾಕಬೇಡಿ. ಪುಸ್ತಕದಲ್ಲಿ ಎಷ್ಟೇ ಎಚ್ಚರ ವಹಿಸಿದ್ದರೂ ಸಂದರ್ಶನಗಳಲ್ಲಿ ನಾಲಿಗೆ ಜಾರುತ್ತದೆ. ಸರ್ಕಾರದ ಲೆಕ್ಕಪತ್ರ ಪರಿಶೋಧಿಸುವ ಮಹಾಲೇಖಪಾಲರು (ಸಿಎಜಿ) ಆಗಿದ್ದ ವಿನೋದ್ ರಾಯ್ 2014ರಲ್ಲಿ ತಮ್ಮ ಪುಸ್ತಕ ಬಂದ ಸಂದರ್ಭದ ಸಂದರ್ಶನಗಳಲ್ಲಿ ತಮ್ಮ ಮೇಲೆ ಒತ್ತಡ ಹೇರಿದವರಲ್ಲಿ ಸಂಸದರೊಬ್ಬರ ಹೆಸರನ್ನೂ ಹೇಳಿದ್ದಕ್ಕೆ 2021ರಲ್ಲಿ ನ್ಯಾಯಾಲಯದಲ್ಲಿ ಬೇಷರತ್ ಕ್ಷಮೆ ಕೇಳಬೇಕಾಯಿತು.

ಪಿಂಚಣಿಯ ಬಗ್ಗೆ ನೀವು ಭಯಪಡುತ್ತಿರುವಷ್ಟು ಇಲ್ಲ. 2021ರ ಮೇ 31ರಂದು ಕೇಂದ್ರ ಸರ್ಕಾರ ಪಿಂಚಣಿ ನಿಯಮಗಳಿಗೆ ತಂದ ತಿದ್ದುಪಡಿಯ ಸುದ್ದಿ ಓದಿ ಹೆದರಿರಬಹುದು. ಅದು ಮಾಹಿತಿ ಹಕ್ಕು ಕಾಯಿದೆಯ ಎರಡನೆಯ ಅನುಸೂಚಿಯಲ್ಲಿರುವ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರಿಗೆ. ಅವರು ತಮ್ಮ ಸಂಸ್ಥೆಯ ಕೆಲಸಕ್ಕೆ ಸಂಬಂಧಿಸಿದ್ದನ್ನು ಪ್ರಕಟಿಸಲು ಮುಖ್ಯಸ್ಥರ ಪೂರ್ವಾನುಮತಿ ಪಡೆಯಲೇಬೇಕು, ಇಲ್ಲದಿದ್ದರೆ ಪಿಂಚಣಿ ತಡೆಹಿಡಿಯಬಹುದು. ನೀವು ಇದ್ದದ್ದು ರಾಜ್ಯದ ಸಾಮಾನ್ಯ ಇಲಾಖೆಯೆಂದು ಬರೆದಿದ್ದೀರಿ. ಇನ್ನೊಂದು ರಕ್ಷಣೆಯೂ ನಿಮಗಿದೆ. ನಿವೃತ್ತರ ಮೇಲೆ, ನಾಲ್ಕು ವರ್ಷಕ್ಕಿಂತ ಹಿಂದೆ ನಡೆದ ಘಟನೆಗಾಗಿ, ಹೊಸದಾಗಿ ಇಲಾಖಾ ವಿಚಾರಣೆ ಹೂಡುವಂತಿಲ್ಲ. ಕೇಂದ್ರದ ಪಿಂಚಣಿ ನಿಯಮಗಳಲ್ಲೂ ಕರ್ನಾಟಕದ ಸೇವಾ ನಿಯಮಗಳಲ್ಲೂ ಈ ಮಾತಿದೆ. ನನ್ನನ್ನು ಕಾಪಾಡಿದ್ದು ಇದೇ. ಸೇವೆಯಲ್ಲಿರುವವರಿಗೆ ಈ ನಾಲ್ಕು ವರ್ಷದ ರಕ್ಷಣೆಯಿಲ್ಲ. ನೀವು ಮತ್ತು ನಿಮ್ಮ ಹಳೆಯ ಗುಮಾಸ್ತರು ಒಂದೇ ಘಟನೆಯಲ್ಲಿ ಭಾಗಿಗಳಾಗಿದ್ದರೂ ನೀವು ಬಚಾವು, ಅವರು ಸಿಕ್ಕಿಬೀಳುತ್ತಾರೆ. ನನ್ನ ವಕೀಲರಿಗೆ ಇದು ಗೊತ್ತಿತ್ತು. ನಾನು ಕೇಳಲಿಲ್ಲವಾದ್ದರಿಂದ ಅವರು ಹೇಳಲಿಲ್ಲ.

ಆದ್ದರಿಂದ ಬರೆಯಿರಿ, ಖಂಡಿತ ಬರೆಯಿರಿ. ನವರತ್ನ ರಾಮರಾಯರು ಅಮಲ್ದಾರಿಕೆಯ ನೆನಪುಗಳನ್ನು ಬರೆದ ಭಾಷೆ ನಮ್ಮದು, ಒಳಗೆ ಇದ್ದವರು ಒಳಗಿನದನ್ನು ಹೇಳುವುದು ನಮಗೆ ಹೊಸದಲ್ಲ. ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಟಿಪ್ಪಣಿ ಭಾಗ ಮತ್ತು ಪತ್ರವ್ಯವಹಾರ ಭಾಗ ಎರಡರ ದೃಢೀಕೃತ ಪ್ರತಿಯನ್ನೂ ಕೇಳಿ. ಏಕೆ ಬೇಕೆಂದು ಹೇಳಬೇಕಾಗಿಲ್ಲ, 6(2)ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ. ಕಡತ ಲಭ್ಯವಿಲ್ಲ ಎಂಬ ಉತ್ತರ ಬಂದರೆ ಅದನ್ನೂ ಜೋಪಾನವಾಗಿಡಿ, ಅದೂ ಪುಸ್ತಕಕ್ಕೆ ಬೇಕಾಗುವ ದಾಖಲೆಯೇ. ಕಡತದಿಂದ ಸಾಬೀತಾಗುವ ಯಾವ ಮಾತಿಗೂ ಮನುಷ್ಯರನ್ನು ಸಾಕ್ಷಿಗೆ ಎಳೆಯಬೇಡಿ. ಆಮೇಲೆ ಕರಡನ್ನು ಎದುರಿಗಿಟ್ಟುಕೊಂಡು ಅದರಲ್ಲಿ ಬರುವವರ ಪೈಕಿ ಯಾರು ಯಾರು ಇನ್ನೂ ಸೇವೆಯಲ್ಲಿದ್ದಾರೆ ನೋಡಿ, ಅವರವರ ಪುಟಗಳನ್ನು ಅವರಿಗೇ ಓದಿ ಹೇಳಿ. ಮೆಚ್ಚಿ ಬರೆದಿದ್ದರೂ ಓದಿ ಹೇಳಿ. ಬೇಡ ಎಂದವರ ಪುಟಗಳನ್ನು ಅವರ ನಿವೃತ್ತಿಯವರೆಗೆ ಎತ್ತಿಡಿ. ಉಳಿದದ್ದನ್ನು, ಚುನಾವಣೆ ಮುಂದಿರಲಿ ಹಿಂದಿರಲಿ, ಪ್ರತಿಗಳು ಕೈಗೆ ಬಂದ ಕೂಡಲೇ ಅಚ್ಚಿಗೆ ಕೊಡಿ.