22 ಅಡಿ ಹಾಯಿದೋಣಿಗೆ ಯಾವ ಟಿಲ್ಲರ್ ಪೈಲಟ್ ತಗೊಳ್ಳಲಿ? ಒಬ್ಬನೇ ಹೋಗುವಾಗ ಸ್ವಲ್ಪ ಕಣ್ಣು ಮುಚ್ಚುವಷ್ಟು ಆರಾಮ ಬೇಕು

ನಿಮ್ಮ ಪ್ರಶ್ನೆ ಓದಿದಾಗ ಐದು ವರ್ಷದ ಹಿಂದೆ ನಾನೇ ಬರೆದದ್ದೇನೋ ಅನ್ನಿಸಿತು. ಬೆಂಗಳೂರಲ್ಲಿ ಕೆಲಸ, ಗೋವಾದಲ್ಲಿ ದೋಣಿ, ಶುಕ್ರವಾರ ರಾತ್ರಿ ಬಸ್ಸು, ಚುಕ್ಕಾಣಿ ಹಿಡಿದು ಹಿಡಿದು ಸೋತ ಕೈ. ಟಿಲ್ಲರನ್ನು, ಅಂದರೆ ಚುಕ್ಕಾಣಿಯ ಹಿಡಿಯನ್ನು, ತಾನೇ ನಡೆಸುವ ಪೈಲಟ್ ಯಂತ್ರಗಳಲ್ಲಿ ರೇಮರೀನ್ ಎಸ್‌ಟಿ1000 ಸಾಕಾ, ಎಸ್‌ಟಿ2000 ಬೇಕಾ ಅಂತ ಕೇಳಿದ್ದೀರಿ. ಅದು ಆಮೇಲೆ.

ನಮ್ಮದು ಮೂವರು ಸ್ನೇಹಿತರು ಸೇರಿ ತಗೊಂಡ ಹಳೆಯ 23 ಅಡಿ ದೋಣಿ. ನಿಲ್ಲಿಸುವುದು ಮಾಂಡೋವಿಯಲ್ಲಿ. ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ, ಆ ಸಲುಗೆಯಿಂದಲೋ ಏನೋ ಆ ನದಿ ನನಗೆ ಪರಊರಿನದು ಅನ್ನಿಸಿಲ್ಲ. ಎರಡು ಸೀಸನ್ ಕೈಯಲ್ಲೇ ಟಿಲ್ಲರ್ ಹಿಡಿದೆವು. ಮೂರನೇ ಸೀಸನ್‌ಗೆ ಪೈಲಟ್ ಬಂತು. ಎಸ್.ಪಿ. ರೋಡ್‌ಗೆ ಹೋಗಿ 2.5 ಸ್ಕ್ವೇರ್ ಎಂಎಂ ವೈರು, ಫ್ಯೂಸು, ವಾಟರ್‌ಪ್ರೂಫ್ ಪ್ಲಗ್ ತಂದು ನಾನೇ ಜೋಡಿಸಿದೆ. ಪೈಲಟ್‌ನ ಒಂದು ತುದಿ ಟಿಲ್ಲರ್ ಮೇಲಿನ ಪಿನ್ನಿಗೆ, ಇನ್ನೊಂದು ಸೀಟಿನ ಮೇಲೆ ಕೊರೆದ ತೂತಿಗೆ. ಬಟನ್ ಒತ್ತಿದರೆ ಸರಳು ಒಳಗೆ ಹೊರಗೆ ಹೋಗುತ್ತಾ ದೋಣಿಯನ್ನು ದಾರಿಯಲ್ಲಿ ಇಡುತ್ತದೆ. ಮೊದಲ ದಿನ ಆ ಗುಂಯ್ ಸದ್ದು ಕೇಳುತ್ತಾ ಎರಡೂ ಕೈಯಲ್ಲಿ ತಿಂಡಿ ತಿಂದದ್ದು ಇನ್ನೂ ನೆನಪಿದೆ. ಅಷ್ಟು ಖುಷಿಯಾಗಿತ್ತು.

ಆ ಮಾರ್ಚ್‌ನಲ್ಲಿ ನನ್ನ ಭಾವಮೈದುನನನ್ನು ಕರೆದುಕೊಂಡು ಹೋದೆ. ಮೃದಂಗ ನುಡಿಸುವ ಹುಡುಗ, ಸಮುದ್ರದ ಮೇಲೆ ಅದೇ ಮೊದಲ ಸಲ. ಬೆಳಗ್ಗೆ ಹೊರಗೆ ಹೋಗಿ, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ದಡದ ಕಡೆ ತಿರುಗಿದೆವು. ದಾರಿ ಹೆಚ್ಚುಕಡಿಮೆ ಪೂರ್ವಕ್ಕೆ, ಉತ್ತರದಿಂದ ಬಲಕ್ಕೆ ಎಣಿಸಿದರೆ 85 ಡಿಗ್ರಿ. ಗಾಳಿ ಹಿಂದಿನಿಂದ, ಪಶ್ಚಿಮಕ್ಕಿಂತ ಸ್ವಲ್ಪ ದಕ್ಷಿಣದಿಂದ ಬರುತ್ತಿತ್ತು. ದೊಡ್ಡ ಹಾಯಿಯನ್ನು ಎಡಕ್ಕೆ ಪೂರ್ತಿ ಬಿಟ್ಟೆ. ಪೈಲಟ್‌ಗೆ 085 ಕೊಟ್ಟೆ. ಆಮೇಲೆ ಎರಡೂವರೆ ಗಂಟೆ ಟಿಲ್ಲರ್ ಮುಟ್ಟಲಿಲ್ಲ.

ನನ್ನ ತಪ್ಪು ಇರುವುದು ಇಲ್ಲೇ. ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

85 ಡಿಗ್ರಿಗೆ ಹೋಗುವ ದೋಣಿಗೆ ನೇರ ಬೆನ್ನ ಹಿಂದೆ ಅಂದರೆ 265. ಆಗ ಗಾಳಿ ಬರುತ್ತಿದ್ದದ್ದು ಸುಮಾರು 250ರಿಂದ. ಅಂದರೆ ನನ್ನ ಕೈಯಲ್ಲಿ ಇದ್ದದ್ದು 15 ಡಿಗ್ರಿ ಮಾತ್ರ. ಗಾಳಿ ಅಷ್ಟು ತಿರುಗಿ ಬೆನ್ನು ದಾಟಿದರೆ ಹಾಯಿಯ ಹಿಂಬದಿಗೆ ಹೊಡೆಯುತ್ತದೆ, ಹಾಯಿಯ ಬುಡದ ಅಡ್ಡಕಂಬ, ಅಂದರೆ ಬೂಮ್, ಎಡದಿಂದ ಬಲಕ್ಕೆ ಒಂದೇ ಏಟಿಗೆ ಬೀಸುತ್ತದೆ. ಇದೇ ಜೈಬ್. ಇನ್ನು ಹಿಂದಿನಿಂದ ಅಲೆ ಎತ್ತಿದಾಗಲೆಲ್ಲ ದೋಣಿಯ ಮೂತಿ ಆಚೀಚೆ ಹತ್ತು ಡಿಗ್ರಿ ಆಡುತ್ತದೆ. ಕೈಯಲ್ಲಿ ಹಿಡಿದವನಿಗೆ ಅಲೆ ಬರುವುದು ಮೊದಲೇ ಗೊತ್ತಾಗುತ್ತದೆ. ಪೈಲಟ್‌ಗೆ ಮೂತಿ ತಿರುಗಿದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ನಿಜಕ್ಕೂ ಉಳಿದಿದ್ದದ್ದು 5 ಡಿಗ್ರಿ. ಅದರ ಮೇಲೆ, ಆ ಕರಾವಳಿಯಲ್ಲಿ ಬೇಸಿಗೆಯ ಗಾಳಿ ಮಧ್ಯಾಹ್ನ ಒಂದು ಕಡೆ ನಿಲ್ಲುವುದಿಲ್ಲ. ಪಶ್ಚಿಮದ ಕಡೆಯಿಂದ ಶುರುವಾಗಿ ಸಂಜೆಯ ಹೊತ್ತಿಗೆ ವಾಯವ್ಯಕ್ಕೆ ವಾಲುತ್ತದೆ. ಎರಡು ಸೀಸನ್ ಇದನ್ನು ಕಣ್ಣಾರೆ ನೋಡಿದ್ದೆ. ಕೈಯಲ್ಲಿ ಟಿಲ್ಲರ್ ಇದ್ದಾಗ ಅದರ ಬಗ್ಗೆ ಯೋಚಿಸುವ ಅಗತ್ಯವೇ ಬಂದಿರಲಿಲ್ಲ. ಬಲಗಿವಿಗೆ ತಾಗುತ್ತಿದ್ದ ಗಾಳಿ ಕತ್ತಿನ ಹಿಂದಕ್ಕೆ ಬಂದರೆ ಕೈ ತಾನಾಗಿ ದೋಣಿಯನ್ನು ಸರಿಸುತ್ತಿತ್ತು. ಪೈಲಟ್‌ಗೆ ಆ ಕಿವಿ ಇಲ್ಲ. ಅದರೊಳಗೆ ಇರುವುದು ಒಂದು ಫ್ಲಕ್ಸ್‌ಗೇಟ್ ದಿಕ್ಸೂಚಿ. ಭೂಮಿಯ ಅಯಸ್ಕಾಂತ ಹೇಳಿದ್ದನ್ನು ಅದು ಕೇಳುತ್ತದೆ, ಗಾಳಿ ಅನ್ನುವುದೊಂದು ಇದೆ ಅಂತಲೇ ಅದಕ್ಕೆ ಗೊತ್ತಿಲ್ಲ.

ಮೂರು ಗಂಟೆ ಹೊತ್ತಿಗೆ ಗಾಳಿ 285 ದಾಟಿರಬೇಕು. ಮುಂದಿನ ಚಿಕ್ಕ ಹಾಯಿ ಜೋಲು ಬಿದ್ದು ಪಟಪಟ ಅಂದಿತ್ತು. ಅದೇ ಸೂಚನೆ. ನಾನು ಬೆನ್ನು ಹಾಕಿ ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸುತ್ತಿದ್ದೆ. ಎಡಕ್ಕೆ ಅಗ್ವಾದ ಕೋಟೆ ಕಾಣುತ್ತಿತ್ತು. ಕೋಟೆಯ ಫೋಟೋಗೆ ಹಾಯಿ ಅಡ್ಡ ಬರುತ್ತದೆ ಅಂತ ಹುಡುಗ ಫೋನ್ ಹಿಡಿದು ಎದ್ದು ನಿಂತ. ಬೂಮ್ ಅವನ ಎಡ ಭುಜಕ್ಕೆ ಬಡಿಯಿತು. ನಾನು ತಿರುಗಿ ನೋಡಿದಾಗ ಅವನು ಕಾಕ್‌ಪಿಟ್ ನೆಲದಲ್ಲಿ ಕೂತಿದ್ದ. ಪೈಲಟ್ ಪರದೆಯ ಮೇಲೆ ಆಗಲೂ 085 ಇತ್ತು. ಯಂತ್ರ ಒಂದು ಡಿಗ್ರಿಯೂ ತಪ್ಪಿರಲಿಲ್ಲ.

ಕಾಲರ್ ಬೋನ್ ಮುರಿದಿತ್ತು. ಆರು ವಾರ ಕೈ ಜೋಳಿಗೆಯಲ್ಲಿ. ಆ ವರ್ಷದ ರಾಮನವಮಿ ಕಛೇರಿಗಳೆಲ್ಲ ಹೋದವು. ಬೆಂಗಳೂರಲ್ಲಿ ಆ ದಿನಗಳು ಒಬ್ಬ ಎಳೆಯ ಪಕ್ಕವಾದ್ಯದವನಿಗೆ ಎಷ್ಟು ಮುಖ್ಯ ಅಂತ ಗೊತ್ತಿರುವವರಿಗೆ ಗೊತ್ತು. ಅತ್ತೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಬೂಮ್ ತುದಿಯಿಂದ ಮುಂದಕ್ಕೆ ಒಂದು ಹಗ್ಗ ಕಟ್ಟಿದ್ದರೆ ಇದು ಆಗುತ್ತಲೇ ಇರಲಿಲ್ಲ. ಪ್ರಿವೆಂಟರ್ ಅನ್ನುತ್ತಾರೆ. ಹಗ್ಗ ದೋಣಿಯಲ್ಲೇ ಇತ್ತು. ಅಥವಾ ದೊಡ್ಡ ಹಾಯಿ ಇಳಿಸಿ ಮುಂದಿನ ಹಾಯಿಯೊಂದರಲ್ಲೇ ಬಂದಿದ್ದರೂ ಆಗುತ್ತಿತ್ತು, ಅರ್ಧ ಗಂಟೆ ತಡವಾಗುತ್ತಿತ್ತು ಅಷ್ಟೇ. ಅಥವಾ 110 ಡಿಗ್ರಿಗೆ ಕೊಟ್ಟು ಗಾಳಿಯನ್ನು ಓರೆಯಾಗಿ ಇಟ್ಟುಕೊಂಡು, ಆಮೇಲೆ ಕೈಯಲ್ಲೇ ಜೈಬ್ ಮಾಡಿ ತಿರುಗಬಹುದಿತ್ತು. ಮೂರರಲ್ಲಿ ಯಾವುದೂ ಕಷ್ಟದ್ದಲ್ಲ.

ಈಗ ನಿಮ್ಮ ವಿಷಯ. ನೀವು ಕೇಳಿರುವುದು ಯಾವುದು ಕೊಳ್ಳಲಿ ಅಂತ. ನಿಜಕ್ಕೂ ನಿಮಗೆ ಬೇಕಿರುವುದು ನಿದ್ದೆ ಅಂತ ಕಾಣುತ್ತದೆ. ಅದನ್ನು ಯಾವ ಪೈಲಟ್ಟೂ ಕೊಡುವುದಿಲ್ಲ. ಅಲ್ಲಿ ಮೀನುಗಾರರ ಬಲೆಗಳಿವೆ, ಟ್ರಾಲರ್‌ಗಳಿವೆ. ಸಮುದ್ರದ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೆಯದೇ, ಎಲ್ಲ ಹೊತ್ತಿನಲ್ಲೂ ಕಣ್ಣು ಕಿವಿ ಬಳಸಿ ಕಾವಲಿರಬೇಕು ಅಂತ. ದೋಣಿ ಚಿಕ್ಕದು ಅಂತ ಅದರಲ್ಲಿ ವಿನಾಯಿತಿ ಇಲ್ಲ. ಇನ್ನೊಂದು, ಒಬ್ಬರೇ ಇದ್ದಾಗ ನೀವು ನೀರಿಗೆ ಬಿದ್ದರೆ ಪೈಲಟ್ ದೋಣಿಯನ್ನು ಅಚ್ಚುಕಟ್ಟಾಗಿ ನಿಮ್ಮಿಂದ ದೂರ ಒಯ್ಯುತ್ತದೆ. ಪೈಲಟ್ ಹಾಕಿದ ಕೂಡಲೇ ಹಾರ್ನೆಸ್, ಅಂದರೆ ನಿಮ್ಮನ್ನು ದೋಣಿಗೆ ಬಿಗಿಯುವ ಪಟ್ಟಿ, ಕಟ್ಟಿಕೊಳ್ಳಿ.

ಮೊದಲು ಸುಮ್ನೆ ಒಂದು ಕೆಲಸ ಮಾಡಿ. ಸರ್ಜಿಕಲ್ ಅಂಗಡಿಯಲ್ಲಿ ಎರಡು ಮೀಟರ್ ರಬ್ಬರ್ ಟ್ಯೂಬ್ ತಗೊಳ್ಳಿ. ಗಾಳಿ ಪಕ್ಕದಿಂದ ಅಥವಾ ಮುಂದಿನಿಂದ ಬರುವಾಗ ಹಾಯಿಯ ಹಗ್ಗವನ್ನು ಒಂದು ಕಪ್ಪಿಯ ಮೂಲಕ ಗಾಳಿ ಬರುವ ಕಡೆಯಿಂದ ಟಿಲ್ಲರ್‌ಗೆ ಕಟ್ಟಿ, ಎದುರು ಕಡೆಯಿಂದ ರಬ್ಬರ್ ಎಳೆಯಲಿ. ಗಾಳಿ ಜಾಸ್ತಿಯಾದರೆ ಹಗ್ಗ ಟಿಲ್ಲರ್ ಎಳೆಯುತ್ತದೆ, ಕಡಿಮೆಯಾದರೆ ರಬ್ಬರ್ ವಾಪಸ್ ತರುತ್ತದೆ. ಹಾಯಿಗಳ ಹದ ಸರಿ ಇಲ್ಲದಿದ್ದರೆ ಇದು ಕೆಲಸವೇ ಮಾಡುವುದಿಲ್ಲ, ಅದಕ್ಕೇ ಹೇಳುತ್ತಿರುವುದು. ಹದ ಕಲಿತ ದೋಣಿಯಲ್ಲಿ ಪೈಲಟ್ ಕೂಡ ಅರ್ಧ ಬ್ಯಾಟರಿಯಲ್ಲಿ ನಡೆಯುತ್ತದೆ. ಹೀಗೆ ಗಾಳಿಯನ್ನೇ ನಂಬಿ ಹೋಗುವುದು ಹಳೆಯ ಕಾಲದ ಮಾತಲ್ಲ. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಎಲೆಕ್ಟ್ರಾನಿಕ್ ಪೈಲಟ್‌ಗೆ ಅವಕಾಶವೇ ಇಲ್ಲ, ಗಾಳಿಯಿಂದ ನಡೆಯುವ ವಿಂಡ್‌ವೇನ್ ಮಾತ್ರ. 2022ರಲ್ಲಿ ಹೊರಟ ಅಭಿಲಾಷ್ ಟಾಮಿ ಅದನ್ನೇ ನಂಬಿ ಒಬ್ಬರೇ ಭೂಮಿ ಸುತ್ತಿ, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು.

ಇಷ್ಟಾದ ಮೇಲೂ ಪೈಲಟ್ ಬೇಕು ಅಂದರೆ ಎಸ್‌ಟಿ2000 ತಗೊಳ್ಳಿ. ಚಿಕ್ಕದು 3000 ಕಿಲೋ ತೂಕದ ದೋಣಿವರೆಗೆ, ದೊಡ್ಡದು 4500ರವರೆಗೆ. ನಿಮ್ಮ ದೋಣಿ ಎರಡರ ಒಳಗೂ ಬರುತ್ತದೆ, ಆದರೆ ಹಿಂದಿನ ಅಲೆಯಲ್ಲಿ ಬೇಗ ಓಡುವ ಸರಳು ಬೇಕು. ಬ್ಲೂಟೂತ್ ಸ್ಪೀಕರನ್ನು ಅದರಿಂದ ಒಂದು ಮೀಟರ್ ದೂರ ಇಡಿ. ಒಳಗಿನ ಅಯಸ್ಕಾಂತ ದಿಕ್ಸೂಚಿಯನ್ನು ಎಳೆಯುತ್ತದೆ.

ನಮ್ಮ ಪೈಲಟ್ ಇನ್ನೂ ದೋಣಿಯಲ್ಲಿದೆ, ಈಗಲೂ ಬಳಸುತ್ತೇವೆ. ಭಾವಮೈದುನ ಕಳೆದ ಡಿಸೆಂಬರ್‌ನಲ್ಲಿ ಮತ್ತೆ ಬಂದಿದ್ದ. ಮಧ್ಯಾಹ್ನ ದಡದ ಕಡೆ ತಿರುಗಿದಾಗ ನಾನು ಬಟನ್ ಮೇಲೆ ಬೆರಳಿಡುವ ಮೊದಲೇ ಕೇಳಿದ, "ಭಾವ, ಬೂಮ್‌ಗೆ ಹಗ್ಗ ಕಟ್ಟಿದ್ರಾ?" ಕಟ್ಟಿರಲಿಲ್ಲ. ಇಬ್ಬರೂ ಸೇರಿ ಕಟ್ಟಿದೆವು.